ಹಳೇ ಜೈಲಿನಲ್ಲಿ ಚಿಕ್ಕಮ್ಮನ ಜೊತೆ

2025ರ ಜನವರಿ. ಗೌರವಧನ ಹೆಚ್ಚಿಸಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಧರಣಿ ಕೂತಿದ್ದರು. ಹಾಸನದ ಕಡೆಯಿಂದ ನಮ್ಮ ಚಿಕ್ಕಮ್ಮನೂ ಬಂದಿದ್ದಳು. ಎರಡನೇ ದಿನ ಅರ್ಧ ದಿನ ರಜೆ ಹಾಕಿ, ಕ್ಯಾರಿಯರಿನಲ್ಲಿ ಅನ್ನ, ಬಸ್ಸಾರು ತುಂಬಿಸಿಕೊಂಡು, ಒಂದು ರಗ್ಗೂ ಹಿಡಿದು ಹೋದೆ. ಎತ್ತ ನೋಡಿದರೂ ಗುಲಾಬಿ ಸೀರೆ. ಅವಳನ್ನು ಹುಡುಕಲು ಅರ್ಧ ಗಂಟೆ ಹಿಡಿಯಿತು.

ಉಂಡು ಕೈ ತೊಳೆದವಳು, "ಇದು ಜೈಲಾಗಿತ್ತಂತೆ, ಹೌದೇನೋ?" ಎಂದಳು. ಒಳಗೆ ಕರೆದುಕೊಂಡು ಹೋದೆ.

ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಖಾಲಿ ಬಿದ್ದಿದ್ದ ಸೆಂಟ್ರಲ್ ಜೈಲು 2008ರಲ್ಲಿ ಪಾರ್ಕಾಯಿತು. ಎಲ್ಲವನ್ನೂ ಕೆಡವದೆ, ನಡುವಿನ ಕಾವಲು ಗೋಪುರವನ್ನೂ ಬ್ಯಾರಕ್ಕುಗಳನ್ನೂ ಉಳಿಸಿಕೊಂಡದ್ದು ಈ ಊರು ಮಾಡಿದ ಅಪರೂಪದ ಒಳ್ಳೆಯ ಕೆಲಸ. ಗೋಪುರದ ಬುಡದಲ್ಲಿ ನಿಂತು ಚಿಕ್ಕಮ್ಮ ಸುತ್ತಲೂ ಕಣ್ಣಾಡಿಸಿದಳು.

1975ರ ಜೂನಿನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿಯವರನ್ನು ತುರ್ತು ಪರಿಸ್ಥಿತಿ ಹೇರಿದೊಡನೆ ಹಿಡಿದು ಇಲ್ಲಿಟ್ಟಿದ್ದರು ಎಂದೆ. ತಲೆಯಾಡಿಸಿದಳು, ಅಷ್ಟೇ. ನಟಿ ಸ್ನೇಹಲತಾ ರೆಡ್ಡಿಯವರ ಕಥೆಗೆ ಮಾತ್ರ ನಿಂತುಬಿಟ್ಟಳು. ಆಕೆಗೆ ಅಸ್ತಮಾ. 1976ರಲ್ಲಿ ಬಂಧಿಸಿ ಸುಮಾರು ಎಂಟು ತಿಂಗಳು ಇಲ್ಲಿ ಇಟ್ಟಿದ್ದರು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀರಾಟ ತಮಗೆ ಕೇಳಿಸುತ್ತಿತ್ತು ಎಂದು ಇದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು.

"ಉಬ್ಬಸ ಇರೋರನ್ನ ಇಂಥ ಥಂಡಿ ಗೋಡೆ ಮಧ್ಯೆ ಇಡ್ತಾರೇನೋ?" ಎಂದು ಚಿಕ್ಕಮ್ಮ ಗೋಡೆಗೆ ಅಂಗೈ ಒತ್ತಿದಳು. ಬಾಣಂತಿಯರ, ಕೆಮ್ಮಿನವರ ಮನೆ ಬಾಗಿಲು ಬಡಿದೇ ವರ್ಷಗಳನ್ನು ಕಳೆದವಳು ಅವಳು. "ಪಕ್ಕದಲ್ಲಿ ಯಾರಾದ್ರೂ ಇದ್ರಾ ಆಯಮ್ಮಂಗೆ? ಬಿಸಿನೀರು ಕೊಡೋಕಾದ್ರೂ?" ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ಸಲ ಇಲ್ಲಿ ವಾಕಿಂಗ್ ಮಾಡಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಈಗ ಬೆಂಗಳೂರಿನಲ್ಲಿ ಧರಣಿ ಕೂರುವುದಿದ್ದರೆ ಇಲ್ಲೇ ಕೂರಬೇಕು ಎಂಬ ನಿಯಮವಿದೆ. ಮಾತಾಡಿದ್ದಕ್ಕೆ ಜನರನ್ನು ಕೂಡಿಹಾಕಿದ್ದ ಜಾಗದಲ್ಲಿ ಇವತ್ತು ಮೈಕು ಹಿಡಿದು ಮಾತಾಡಬಹುದು ಎಂಬುದು ನನಗೆ ನಿಜಕ್ಕೂ ಹೆಮ್ಮೆ. ಆದರೆ ಇಲ್ಲಿ ಮಾತ್ರ ಎಂದಾಗ ಕಸಿವಿಸಿಯಾಗುತ್ತದೆ. ವಿಧಾನಸೌಧದ ಎದುರು ಕೂಗಿದಷ್ಟು ಇಲ್ಲಿ ಕೂಗಿದ್ದು ಕೇಳಿಸುತ್ತದೆಯೇ?

ಕತ್ತಲಾಗುತ್ತಿತ್ತು. ಚಿಕ್ಕಮ್ಮ ತನ್ನ ಜಾಗಕ್ಕೆ ಬಂದು ರಗ್ಗು ಬಿಡಿಸಿದಳು. ಪಕ್ಕದಲ್ಲಿ ಬೇರೆ ಜಿಲ್ಲೆಯಿಂದ ಬಂದ ಇಬ್ಬರು ಸೆರಗು ಹೊದ್ದು ಮುದುಡಿ ಕೂತಿದ್ದರು. "ಬನ್ರವ್ವಾ ಹತ್ರ, ಮೂರು ಜನಕ್ಕಾಗುತ್ತೆ" ಎಂದು ಕರೆದಳು. ಆಮೇಲೆ ಖಾಲಿ ಕ್ಯಾರಿಯರ್ ನನ್ನ ಕೈಗಿಟ್ಟು, "ನಾಳೆ ಅನ್ನ ಸ್ವಲ್ಪ ಜಾಸ್ತಿ ತಗೊಂಡ್ ಬಾ ಮಗಾ" ಎಂದಳು.