ಅರ್ಧ ಮೀಟರ್ ಪೈಪು

12 ಡಿಸೆಂಬರ್ 2023, ಮಂಗಳವಾರ

ಮನೆ ಸೇರಿದಾಗ ರಾತ್ರಿ ಹತ್ತೂವರೆ. ಕಾರ್ಖಾನೆಯಲ್ಲಿ 40 ಲೀಟರಿನ ಮೊದಲ ಲಿಪೋಸೋಮ್ (ಒಳಗೆ ಮದ್ದು ತುಂಬುವ ಸೂಕ್ಷ್ಮ ಕೊಬ್ಬಿನ ಗುಳ್ಳೆ) ಬ್ಯಾಚ್ ಕೆಟ್ಟಿತು. ಪುಣ್ಯಕ್ಕೆ ಕ್ಯಾನ್ಸರ್ ಮದ್ದು ಡಾಕ್ಸೊರುಬಿಸಿನ್ ಇನ್ನೂ ಸೇರಿಸಿರಲಿಲ್ಲ, ಬರೀ ಲಿಪಿಡ್, ಅಂದರೆ ಕೊಬ್ಬಿನ, ಗುಳ್ಳೆಗಳು. ಬರೀ ಎಂದು ನಾನು ಬರೆಯಬಹುದು; ಖರೀದಿ ವಿಭಾಗದವರ ಮುಂದೆ ಹಾಗೆನ್ನುವ ಧೈರ್ಯವಿಲ್ಲ.

ಪ್ರಯೋಗಾಲಯದಲ್ಲಿ ಅರ್ಧ ಲೀಟರ್ ಮಾಡುವಾಗ ಎಲ್ಲವೂ ಒಂದೇ ಮೇಜಿನ ಮೇಲಿರುತ್ತದೆ. ಬಿಸಿ ಎಥನಾಲ್‌ನಲ್ಲಿ ಕರಗಿಸಿದ ಲಿಪಿಡ್‌ಗಳನ್ನು 65 ಡಿಗ್ರಿಯ ಅಮೋನಿಯಂ ಸಲ್ಫೇಟ್ ದ್ರಾವಣಕ್ಕೆ ಬಿಟ್ಟರೆ ಹಾಲಿನಂಥ ದ್ರವವಾಗುತ್ತದೆ. ಅದನ್ನು ಮೆಂಬರೇನ್ ಎಂಬ ತೆಳು ಪೊರೆಗಳ ಸೂಕ್ಷ್ಮ ರಂಧ್ರಗಳಲ್ಲಿ ಮತ್ತೆ ಮತ್ತೆ ಒತ್ತಿ ಹಾಯಿಸಿದಂತೆ ಬಿಳುಪು ತಿಳಿಯಾಗಿ, ಗಾಜಿನ ಅಂಚಿನಲ್ಲಿ ನೀಲಿ ಛಾಯೆ ಏಳುತ್ತದೆ. ಆ ನೀಲಿ ಕಂಡರೆ ಗುಳ್ಳೆಗಳು 100 ನ್ಯಾನೋಮೀಟರ್ ಆಸುಪಾಸಿಗೆ ಇಳಿದಿವೆ ಎಂದು ಉಪಕರಣ ಹೇಳುವ ಮೊದಲೇ ತಿಳಿಯುತ್ತದೆ. ಇಂದು ಬಾಟಲಿಯನ್ನು ಎಷ್ಟು ಸಲ ಬೆಳಕಿಗೆ ಹಿಡಿದರೂ ನೀಲಿ ಬರಲಿಲ್ಲ.

0.2 ಮೈಕ್ರಾನ್ ಮೆಂಬರೇನ್ ತೆಗೆದು 0.1ರದ್ದನ್ನು ಕೂರಿಸಲು ಕಾಲು ಗಂಟೆ ಹಿಡಿಯಿತು. ಮೇಜಿನ ಮೇಲೆ ಇದು ಎರಡು ನಿಮಿಷದ ಕೆಲಸ. ಮತ್ತೆ ಶುರು ಮಾಡಿದ ಕೂಡಲೇ ಒತ್ತಡ ಏರಿತು. ಏರುತ್ತಲೇ ಹೋಗಿ, ಒಮ್ಮೆಲೇ ಬಿದ್ದಿತು. ಮೆಂಬರೇನ್ ಹರಿದಿತ್ತು. ಪಂಪಿನ ಮೇಲೆ, ಲಿಪಿಡ್ ಪೂರೈಸಿದವರ ಮೇಲೆ ಎಲ್ಲರೂ ಅನುಮಾನಪಟ್ಟೆವು. ಹಿರಿಯ ಆಪರೇಟರ್ ಮಾತ್ರ ಮಾತನಾಡದೆ ಹೋಗಿ, ಟ್ಯಾಂಕಿನಿಂದ ಎಕ್ಸ್‌ಟ್ರೂಡರ್‌ಗೆ, ಅಂದರೆ ಮೆಂಬರೇನ್ ಕೂರಿಸಿದ ಯಂತ್ರಕ್ಕೆ, ಬರುವ ಪೈಪಿನ ಮೇಲೆ ಕೈಯಿಟ್ಟರು. "ಮೇಡಂ, ಇಲ್ಲಿ ಮುಟ್ಟಿ ನೋಡಿ."

ಟ್ಯಾಂಕಿಗೆ ಬಿಸಿನೀರಿನ ಜಾಕೆಟ್ ಇದೆ, ಎಕ್ಸ್‌ಟ್ರೂಡರ್‌ಗೂ ಇದೆ. ನಡುವಿನ ಅರ್ಧ ಮೀಟರ್‌ಗೆ ಏನೂ ಇಲ್ಲ. ಮೇಲೆ ಕ್ಲೀನ್‌ರೂಮಿನ ಏಸಿ. ನಮ್ಮ ಲಿಪಿಡ್ 50 ಡಿಗ್ರಿ ದಾಟಿದ ಮೇಲಷ್ಟೇ ಮೆದುವಾಗುವ ಜಾತಿಯದು. ಆರಿದರೆ ಗುಳ್ಳೆಯ ಪದರ ಬಿರುಸಾಗಿ, ರಂಧ್ರದೊಳಗೆ ಬಳುಕದೆ ಬಾಯಿಗೇ ಅಡ್ಡ ಕೂರುತ್ತದೆ. ಚಳಿಗಾಲದಲ್ಲಿ ತುಪ್ಪದ ಡಬ್ಬಿ ಒಲೆಯ ಪಕ್ಕದಲ್ಲಿದ್ದರೂ ಸೌಟಿನದು ಗಟ್ಟಿಯಾಗುವುದನ್ನು ದಿನವೂ ನೋಡುತ್ತೇನೆ. ನಕ್ಷೆಗೆ ಸಹಿ ಹಾಕುವಾಗ ಅದು ನೆನಪಾಗಲಿಲ್ಲ. ಸಹಿ ನನ್ನದೇ.

ದೊಡ್ಡ ಗುಳ್ಳೆಗಳನ್ನು ಹಾಗೇ ಮುಂದಕ್ಕೆ ಕಳಿಸುವಂತೆಯೂ ಇಲ್ಲ. ಲಿಪೋಸೋಮ್‌ಗಳನ್ನು ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿಟ್ಟು ಸೂಕ್ಷ್ಮಾಣುಮುಕ್ತ ಮಾಡಲಾಗುವುದಿಲ್ಲ, 0.22 ಮೈಕ್ರಾನ್ ಫಿಲ್ಟರ್‌ನಲ್ಲೇ ಸೋಸಬೇಕು. ಗಾತ್ರ ತಪ್ಪಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರ ಹಬ್ಬಿ, ಇಂಥದ್ದೇ ಗುಳ್ಳೆಗಳಲ್ಲಿ ತುಂಬಿದ ಅದರ ಮದ್ದು ಲಿಪೋಸೋಮಲ್ ಆಂಫೊಟೆರಿಸಿನ್ ಚುಚ್ಚುಮದ್ದಿಗೆ ಕರ್ನಾಟಕದಲ್ಲೂ ಹಾಹಾಕಾರ ಎದ್ದಾಗ, ನೆಂಟರೊಬ್ಬರು ಫೋನಿನಲ್ಲಿ, "ನಿಮ್ಮ ಕಾರ್ಖಾನೆಗಳು ಇನ್ನೊಂದಿಷ್ಟು ಹೆಚ್ಚು ಮಾಡಬಾರದೇನಮ್ಮ?" ಎಂದು ಕೇಳಿದ್ದರು. ಅಮೆರಿಕದಲ್ಲೂ ಹೀಗಾಗಿತ್ತು: 2011ರಲ್ಲಿ ಡಾಕ್ಸಿಲ್ (ಲಿಪೋಸೋಮ್‌ನಲ್ಲಿ ತುಂಬಿದ ಡಾಕ್ಸೊರುಬಿಸಿನ್) ಸಿಗದೆ, ಮರುವರ್ಷ ಸನ್ ಫಾರ್ಮಾದ ಅದೇ ಬಗೆಯ ಲಿಪೊಡಾಕ್ಸ್ ಅನ್ನು ಭಾರತದಿಂದ ತಾತ್ಕಾಲಿಕವಾಗಿ ತರಿಸಿಕೊಳ್ಳಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ನೆಂಟರಿಗೆ ಅಂದು ಏನೋ ಹಾರಿಕೆಯ ಉತ್ತರ ಕೊಟ್ಟಿದ್ದೆ. ಇಂದಾಗಿದ್ದರೆ ಆ ಪೈಪಿನ ಫೋಟೋ ಕಳಿಸುತ್ತಿದ್ದೆ.

ವರದಿಯ 'ಮೂಲ ಕಾರಣ' ಎಂಬ ಅಂಕಣದಲ್ಲಿ "ಪೈಪು ತಣ್ಣಗಿತ್ತು" ಎಂದು ಬರೆದೆ. ಇದನ್ನೇ ಎರಡು ಪುಟಕ್ಕೆ ವಿಸ್ತರಿಸಿ ಬೆಳಗ್ಗೆ ಒಂಬತ್ತಕ್ಕೆ ಕೊಡಬೇಕೆಂದು ಗುಣಮಟ್ಟ ವಿಭಾಗದವರು ಹೇಳಿದ್ದಾರೆ.