ರಿಯೋಹಾದಲ್ಲಿ ವೈನ್ ಅಗ್ಗ, ವೈನ್ ಟೂರ್ ದುಬಾರಿ

ಸ್ಪೇನಿನ ವೈನ್ ಸೀಮೆ ರಿಯೋಹಾಕ್ಕೆ ಹೋಗುವ ಯೋಚನೆ ಇದ್ದರೆ ಮೊದಲೇ ಒಂದು ಮಾತು. ಹತ್ತಿರದ ಬಿಲ್ಬಾವೊ ನಗರದಿಂದ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ವಾಪಸ್ ಬಿಡುವ ವ್ಯಾನ್ ಟೂರ್‌ಗೆ ದುಡ್ಡು ಸುರಿಯಬೇಡಿ. ನಮ್ಮಿಂದ ತಲೆಗೆ ನೂರೈವತ್ತು ಯೂರೊ ಕಿತ್ತರು. ಮೂರು ಬೊಡೇಗ ತೋರಿಸುತ್ತೇವೆ ಅಂದಿದ್ದರು. ಬೊಡೇಗ ಅಂದರೆ ವೈನ್ ಮಾಡಿ, ಮಾಗಿಸಿ ಇಡುವ ಜಾಗ. ಮೊದಲನೆಯದು ಪರವಾಗಿಲ್ಲ. ಎರಡನೆಯದು ಹೆಸರಿಗೆ ಬೊಡೇಗ, ಒಳಗೆ ಹೋದರೆ ಬರೀ ಅಂಗಡಿ. ಕೆಮ್ಮಿನ ಔಷಧಿ ಅಳೆದಷ್ಟು ವೈನ್ ಕೊಟ್ಟು, ಉಳಿದ ಹೊತ್ತೆಲ್ಲ ಆಲಿವ್ ಎಣ್ಣೆ ಮಾರಲು ನೋಡಿದರು. ಮೂರನೆಯದಕ್ಕೆ ಹೋಗಲೇ ಇಲ್ಲ. ಟ್ರಾಫಿಕ್ ಅಂತೆ. ಬೆಂಗಳೂರಿನವರಿಗೆ ಟ್ರಾಫಿಕ್ ಕಥೆ ಹೇಳ್ತಾರೆ! ರಸ್ತೆಯಲ್ಲಿ ಇದ್ದದ್ದು ಒಂದು ಟ್ರ್ಯಾಕ್ಟರ್.

ಇಷ್ಟಕ್ಕೂ ಆ ಟೂರ್ ಬೇಕಾಗಿಯೇ ಇಲ್ಲ. ಬಿಲ್ಬಾವೊದಿಂದ ಲೊಗ್ರೋನ್ಯೊಗೆ ಬಸ್ಸು ಆರಾಮಾಗಿ ಸಿಗುತ್ತದೆ, ಎರಡು ಗಂಟೆಯೊಳಗೆ ಇಳಿಸುತ್ತದೆ. ಲೊಗ್ರೋನ್ಯೊ ಇಲ್ಲಿಯ ರಾಜಧಾನಿ. ಊರು ಅಂಥಾ ಚಂದ ಏನಲ್ಲ, ಆದರೆ ಉಳಿಯಲು ಅದೇ ಸರಿ. ನಾವು ಟೂರ್ ಮುಗಿಸಿ ಸಿಟ್ಟಿನಲ್ಲಿ ಅಲ್ಲಿಗೆ ಹೋದೆವು. ಆ ರಾತ್ರಿಯೇ ಸಿಟ್ಟು ಇಳಿಯಿತು, ಅದಕ್ಕೆ ಕಾರಣ ಅಣಬೆ.

ಹಳೇ ಊರಿನ ಮಧ್ಯದಲ್ಲಿ ಲಾರೆಲ್ ಬೀದಿ ಅಂತ ಇದೆ. ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತೇನೋ ಅನ್ನುವಷ್ಟು ಕಿರಿದು. ಉದ್ದಕ್ಕೂ ಚಿಕ್ಕ ಚಿಕ್ಕ ಬಾರುಗಳು. ಹೆಚ್ಚಿನ ಬಾರುಗಳಿಗೆ ಒಂದೊಂದೇ ತಿಂಡಿಯ ಹೆಸರು. ಒಂದು ಕಡೆ ಆಲೂಗಡ್ಡೆಗೆ ಖಾರದ ಸಾಸ್, ಇನ್ನೊಂದು ಕಡೆ ಮೀನು, ಮತ್ತೊಂದು ಕಡೆ ಮೊಟ್ಟೆಯ ದಪ್ಪ ತೋರ್ತಿಯಾ. ಒಂದು ಬಾರಿನಲ್ಲಿ ಒಂದು ತಿಂಡಿ, ಒಂದು ಲೋಟ ವೈನ್, ಮುಂದಿನ ಬಾರು. ಕುರ್ಚಿ ಹುಡುಕಬೇಡಿ, ಎಲ್ಲರೂ ನಿಂತೇ ತಿನ್ನುತ್ತಾರೆ.

ಅಲ್ಲಿ ಸೋರಿಯಾನೊ ಅನ್ನುವ ಬಾರಿದೆ. ಅಣಬೆ ಬಿಟ್ಟರೆ ಬೇರೇನೂ ಕೇಳಬೇಡಿ. ಕೌಂಟರಿನ ಹಿಂದೆ ದೊಡ್ಡ ಕಾವಲಿ. ಅದರ ಮೇಲೆ ಅಣಬೆಗಳನ್ನು ತೊಟ್ಟು ಕಿತ್ತು, ಬಟ್ಟಲಿನ ಹಾಗೆ ಅಂಗಾತ ಇಟ್ಟಿರುತ್ತಾರೆ. ಬಿಸಿ ಏರಿದಂತೆ ಬಟ್ಟಲಲ್ಲಿ ಅಣಬೆಯದ್ದೇ ನೀರು ತುಂಬುತ್ತದೆ. ಅದಕ್ಕೆ ಬೆಳ್ಳುಳ್ಳಿಯ ಎಣ್ಣೆಸಾರು ಹುಯ್ಯುತ್ತಾರೆ. ಆಮೇಲೆ ಮೂರು ಅಣಬೆ ಒಂದರ ಮೇಲೊಂದು ಪೇರಿಸಿ, ತುದಿಗೆ ಒಂದು ಸಿಗಡಿ, ಕೆಳಗೊಂದು ಬ್ರೆಡ್ ತುಂಡು, ನಡುವೆ ಕಡ್ಡಿ ಚುಚ್ಚಿದರೆ ಮುಗಿಯಿತು. ನನ್ನ ಹೆಂಡತಿ ಸಸ್ಯಾಹಾರಿ. 'ಸಿನ್ ಗಾಂಬಾ' ಅಂದಳು, ಸಿಗಡಿ ಬಿಟ್ಟು ಕೊಟ್ಟರು, ಮುಖ ಸಿಂಡರಿಸಲಿಲ್ಲ. ತಿನ್ನುವಾಗ ಮುಂದಕ್ಕೆ ಬಾಗಿ ತಿನ್ನಿ, ಇಲ್ಲದಿದ್ದರೆ ಆ ಸಾರೆಲ್ಲ ಅಂಗಿ ಮೇಲೆ. ಕೊನೆಗೆ ಉಳಿಯುವ ಬ್ರೆಡ್ಡು ಬೆಳ್ಳುಳ್ಳಿ ಎಣ್ಣೆಯಲ್ಲಿ ನೆಂದು ಮೆತ್ತಗಾಗಿರುತ್ತದೆ. ನನ್ನನ್ನು ಕೇಳಿದರೆ ಅಣಬೆಗಿಂತ ಅದೇ ರುಚಿ. ಅಣಬೆ, ವೈನ್ ಎರಡೂ ಸೇರಿ ಐದು ಯೂರೊ ದಾಟಲಿಲ್ಲ. ಉಳಿದ ಎಲ್ಲ ರಾತ್ರಿಯೂ ಅಲ್ಲಿಂದಲೇ ಶುರು ಮಾಡಿದೆವು.

ಒಂದೇ ಷರತ್ತು, ಶನಿವಾರ ಮಾತ್ರ ಆ ಕಡೆ ತಲೆ ಹಾಕಬೇಡಿ. ಮದುವೆಗೆ ಮುಂಚಿನ ಪಾರ್ಟಿ ಮಾಡಲು ಸುತ್ತಲಿನ ಊರುಗಳ ಹುಡುಗ ಹುಡುಗಿಯರ ದಂಡು ಲೊಗ್ರೋನ್ಯೊಗೇ ಬರುತ್ತದೆ. ಮದುಮಗನಿಗೆ ಕೋಳಿ ವೇಷ, ಕೈಯಲ್ಲಿ ಮೈಕು. ನಮ್ಮ ರೂಮು ಅದೇ ಬೀದಿಯ ಪಕ್ಕ. 'ಹಳೇ ಊರಿನ ಸೊಬಗು' ಅಂತ ಹೇಳಿ ವಾರದ ದಿನದ ದುಪ್ಪಟ್ಟು ಬಾಡಿಗೆ ತೆಗೆದುಕೊಂಡಿದ್ದರು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಮೈಕು. ಬೆಳಗಿನ ಜಾವ ನಾಲ್ಕಕ್ಕೆ ಬಾಟಲಿ ಗುಡಿಸುವ ಗಾಡಿ ಬಂತು. ಮಾರನೇ ದಿನ ಹತ್ತು ನಿಮಿಷ ನಡೆದರೆ ಸಿಗುವ ಹೊಸ ಬಡಾವಣೆಗೆ ಹೋದೆವು, ಅರ್ಧ ದುಡ್ಡಿಗೆ ನಿದ್ದೆ ಬಂತು. ನನಗೆ ಗದ್ದಲ ಅಂದರೆ ಆಗುವುದಿಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಇದನ್ನು ಓದಿ. ಜೂನ್ 29ಕ್ಕೆ ಆರೊ ಊರಿನ ಹತ್ತಿರದ ಬೆಟ್ಟದಲ್ಲಿ ಒಬ್ಬರ ಮೇಲೊಬ್ಬರು ವೈನ್ ಎರಚುವ ಹಬ್ಬ ನಡೆಯುತ್ತದೆ. ಬಿಟ್ಟಿ ಟಿಕೆಟ್ ಕೊಟ್ಟರೂ ನಾನು ಹೋಗುವವನಲ್ಲ.

ಈಗ ವೈನ್ ವಿಷಯ. ಬಾರಿನಲ್ಲಿ ಸುಮ್ನೆ 'ಕೆಂಪು ವೈನ್' ಅಂದರೆ ಯಾವುದೋ ಕೊಡುತ್ತಾರೆ. 'ಕ್ರಿಯಾನ್ಸಾ' ಅಂತ ಕೇಳಿ. ಕಡೇಪಕ್ಷ ಎರಡು ವರ್ಷ ಮಾಗಿದ್ದು, ಅದರಲ್ಲಿ ಒಂದು ವರ್ಷ 225 ಲೀಟರಿನ ಓಕ್ ಪೀಪಾಯಿಯಲ್ಲಿ. ಮೂರು ವರ್ಷ ಮಾಗಿದರೆ ರಿಸೆರ್ವಾ, ಐದಾದರೆ ಗ್ರಾನ್ ರಿಸೆರ್ವಾ. ಹೆಸರು ನೆನಪಿಲ್ಲದಿದ್ದರೆ ಬಾಟಲಿಯ ಹಿಂದಿನ ಸರಕಾರಿ ಚೀಟಿ ನೋಡಿ. ಹಸಿರು ಎಳೆಯದು, ಕೆಂಪು ಕ್ರಿಯಾನ್ಸಾ, ದಟ್ಟ ನೇರಳೆಗೆಂಪು ರಿಸೆರ್ವಾ, ನೀಲಿ ಗ್ರಾನ್ ರಿಸೆರ್ವಾ. ಸೂಪರ್‌ಮಾರ್ಕೆಟ್ಟಿನಲ್ಲಿ ಇಷ್ಟು ಗೊತ್ತಿದ್ದರೆ ಯಾರೂ ಟೋಪಿ ಹಾಕಲಾರರು. ಕೆಲವು ಬಾಟಲಿಗೆ ಬಂಗಾರದ ಬಣ್ಣದ ತಂತಿ ಬಲೆ ಸುತ್ತಿರುತ್ತದೆ. ಹಿಂದೆ ಖಾಲಿ ಬಾಟಲಿಗೆ ಕಳಪೆ ವೈನ್ ತುಂಬಿ ಮಾರುತ್ತಿದ್ದರಂತೆ, ಅದನ್ನು ತಡೆಯಲು ಬಂದ ಬಲೆ. ಈಗ ಬರೀ ಶೋಕಿ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಇಲ್ಲಿಯ ಮುಖ್ಯ ದ್ರಾಕ್ಷಿ ತೆಂಪ್ರಾನಿಯೊ. ನಮ್ಮಲ್ಲಿ ಸಿಗುವ ಸಿಹಿ ಪೋರ್ಟ್ ಕುಡಿದು ಅಭ್ಯಾಸವಾದವರಿಗೆ ಮೊದಲ ಗುಟುಕು ಒಗರು ಅನಿಸುತ್ತದೆ. ಜೊತೆಗೆ ಎಣ್ಣೆಯ ತಿಂಡಿ ಇದ್ದರೆ ಆ ಒಗರೇ ಬಾಯಿ ತೊಳೆದ ಹಾಗೆ ಕೆಲಸ ಮಾಡುತ್ತದೆ. ಹಳೇ ಪದ್ಧತಿಯವರು ಅಮೆರಿಕದ ಓಕ್ ಬಳಸುತ್ತಾರೆ, ಅದರಿಂದ ವೆನಿಲ್ಲಾ, ಒಣ ಕೊಬ್ಬರಿಯ ವಾಸನೆ ಬರುತ್ತದೆ. ಗ್ರಾನ್ ರಿಸೆರ್ವಾಗೆ ವಯಸ್ಸಾದಷ್ಟೂ ಹಣ್ಣಿನ ರುಚಿ ಹಿಂದೆ ಸರಿದು ಒಣ ಅಂಜೂರ, ಹೊಗೆಸೊಪ್ಪು ಮುಂದೆ ಬರುತ್ತವೆ. ನನಗೆ ಬಲು ಇಷ್ಟವಾಯಿತು. ಹೆಂಡತಿ 'ಹಳೇ ಬೀರು' ಅಂದಳು, ಅವಳು ಹೇಳಿದ್ದು ಬಟ್ಟೆ ಇಡುವ ಬೀರು.

ಒಂದೇ ದಿನ ಇದ್ದರೆ ಆರೊಗೆ ಹೋಗಿ. ನಕ್ಷೆಯಲ್ಲಿ ಇಂಗ್ಲಿಷಿನ ಎಚ್ ಅಕ್ಷರದಿಂದ ಹುಡುಕಬೇಕು. ಲೊಗ್ರೋನ್ಯೊದಿಂದ ರೈಲಿದೆ. ದಿನಕ್ಕೆ ಬೆರಳೆಣಿಕೆಯಷ್ಟೇ, ಹಾಗಾಗಿ ವಾಪಸ್ ಬರುವ ಸಮಯ ನೋಡಿಕೊಂಡೇ ಹೊರಡಿ. ಚಂದ ಏನಂದರೆ ಇಳಿಯುವ ಸ್ಟೇಷನ್ನಿನ ಪಕ್ಕದಲ್ಲೇ ಹೆಸರುವಾಸಿ ಬೊಡೇಗಗಳು. ಟ್ಯಾಕ್ಸಿ ಬೇಡ, ಗೈಡ್ ಬೇಡ. ಅವು ಅಲ್ಲೇ ಗುಂಪಾಗಿರುವುದಕ್ಕೂ ರೈಲೇ ಕಾರಣ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೊಕ್ಸೆರಾ ಅನ್ನುವ ಹುಳು ಫ್ರಾನ್ಸಿನ ದ್ರಾಕ್ಷಿ ಬೇರುಗಳನ್ನು ತಿಂದು ಹಾಕಿತು. ಬೋರ್ಡೊದ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು. ಪೀಪಾಯಿಗಳನ್ನು ಸೀದಾ ರೈಲಿಗೆ ಉರುಳಿಸಬಹುದಲ್ವಾ, ಅದಕ್ಕೇ ಸ್ಟೇಷನ್ ಪಕ್ಕ ಜಾಗ ಹಿಡಿದರು. ಲೋಪೆಸ್ ದೆ ಎರೇದಿಯಾ ಅನ್ನುವ ಬೊಡೇಗ 1877ರದ್ದು, ಅದರ ಹತ್ತಿರದ ಇನ್ನೊಂದು 1879ರದ್ದು. ಊರಿಗೆ ದುಡ್ಡು ಹರಿಯಿತು. ಬೆಂಗಳೂರಿಗೆ 1905ರಲ್ಲೇ ಬೀದಿ ದೀಪ ಬಂತು ಅಂತ ನಾವು ಬೀಗುತ್ತೇವೆ. ಈ ಪುಟ್ಟ ಊರಿನಲ್ಲಿ 1890ಕ್ಕೇ ವಿದ್ಯುತ್ ದೀಪ ಉರಿದಿತ್ತು.

ಲೋಪೆಸ್ ದೆ ಎರೇದಿಯಾದ ನೆಲಮಾಳಿಗೆಗೆ ಇಳಿಯಲು ಮೊದಲೇ ಬರೆದು ಜಾಗ ಹಿಡಿಯಬೇಕು. ಸಿಗದಿದ್ದರೆ ಅವರ ಅಂಗಡಿಗಾದರೂ ಹೋಗಿ. ಅದು ಜಾಹಾ ಹದೀದ್ ವಿನ್ಯಾಸದ ಕಟ್ಟಡ. ಒಳಗೆ 1910ರ ಬ್ರಸೆಲ್ಸ್ ಪ್ರದರ್ಶನಕ್ಕೆ ಮಾಡಿಸಿದ್ದ ಮರದ ಮಳಿಗೆಯನ್ನು ಹಾಗೇ ನಿಲ್ಲಿಸಿದ್ದಾರೆ. ನಮಗೆ ನೆಲಮಾಳಿಗೆ ಸಿಕ್ಕಿತು. ಗೋಡೆ ತುಂಬ ಕಪ್ಪು ಬೂಷ್ಟು. ಬಾಟಲಿಗಳ ಮೇಲೆ ಜೇಡರ ಬಲೆ ದುಪ್ಪಟಿ ಹೊದಿಸಿದಷ್ಟು ದಪ್ಪ. ಯಾರೂ ಗುಡಿಸುವುದಿಲ್ಲ, ಬೆಂಡಿನ ಮುಚ್ಚಳ ಕೊರೆಯುವ ಹುಳುಗಳನ್ನು ಜೇಡ ತಿನ್ನುತ್ತದೆ, ಹಾಗಾಗಿ ಅದಕ್ಕೆ ಅಲ್ಲಿ ನೌಕರಿ ಪಕ್ಕಾ. ಕೆಂಪು ವೈನಿಗಿಂತ ಅವರ ಬಿಳಿ ವೈನ್ ನನ್ನನ್ನು ಹಿಡಿದು ನಿಲ್ಲಿಸಿತು. ಗ್ರವೋನಿಯಾ ಅಂತ ಹೆಸರು, ಬ್ಯೂರಾ ದ್ರಾಕ್ಷಿಯದ್ದು. ಹೆಚ್ಚುಕಡಿಮೆ ಹತ್ತು ವರ್ಷ ಆದ ಮೇಲೆ ಹೊರಗೆ ಬಿಡುತ್ತಾರೆ. ಬಣ್ಣ ಜೇನಿನದ್ದು, ರುಚಿಯಲ್ಲಿ ಸಿಹಿ ಒಂದು ಹನಿಯೂ ಇಲ್ಲ. ನಿಂಬೆ ಸಿಪ್ಪೆ, ಬಾದಾಮಿ, ಕೊನೆಗೆ ಸ್ವಲ್ಪ ಉಪ್ಪುಪ್ಪು. ಬಿಳಿ ವೈನ್ ಅಂದರೆ ತಣ್ಣಗೆ ಕುಡಿಯುವ ಹುಳಿನೀರು ಅಂದುಕೊಂಡವರು ಇದನ್ನೊಂದು ಲೋಟ ಕುಡಿಯಲೇಬೇಕು.

ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇಲ್ಲೊಂದು ಗಮನಿಸಿ. ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ ಹಾಕುವ ಪದ್ಧತಿ ಇಲ್ಲಿ ಇನ್ನೂ ಇದೆ. ಅದೇ ಕೇರಿಯ ಮೂಗಾ ಬೊಡೇಗದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಊಟದಲ್ಲೂ ಹುಷಾರು. ರಿಯೋಹಾದ ಆಲೂಗಡ್ಡೆ ಸಾರಿನಲ್ಲಿ ಚೊರೀಸೊ ಸಾಸೇಜ್ ಇದ್ದೇ ಇರುತ್ತದೆ, ತರಕಾರಿ ಪಲ್ಯ ಅಂದುಕೊಂಡಿದ್ದರಲ್ಲೂ ಹ್ಯಾಮ್ ಚೂರು ಸಿಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ 'ಮೆನು ದೆಲ್ ದಿಯಾ', ಅಂದರೆ ಆ ದಿನದ ನಿಗದಿ ಬೆಲೆಯ ಊಟ ಮಾಡಿ, ಬಹಳ ಕಡೆ ವೈನ್ ಅದರಲ್ಲೇ ಸೇರಿರುತ್ತದೆ. ಆ ಹೊತ್ತು ತಪ್ಪಿದರೆ ರಾತ್ರಿ ಒಂಬತ್ತರವರೆಗೆ ಬಿಸ್ಕತ್ತೇ ಗತಿ.

ಲಾಗ್ವಾರ್ಡಿಯಾ ಗುಡ್ಡದ ಮೇಲಿನ ಕೋಟೆ ಊರು. ಕೆಳಗೆಲ್ಲ ವೈನ್ ಗುಹೆ ಕೊರೆದಿರುವುದರಿಂದ ಒಳಗೆ ಕಾರು ಬಿಡುವುದಿಲ್ಲ, ಕಿವಿಗೆ ಹಿತ. ಅಲ್ಲಿ ರೈತರೇ ಮಾಡುವ ಎಳೆ ವೈನ್ ಕುಡಿಯಿರಿ. ದ್ರಾಕ್ಷಿಯನ್ನು ಗೊಂಚಲು ಸಮೇತ ಹುಳಿ ಬರಿಸಿ ಮಾಡಿದ್ದು, ಓಕ್ ಗೊಡವೆ ಇಲ್ಲ, ಬೆಲೆ ನೀರಿನಷ್ಟು. ಎಲ್ಸಿಯೇಗೊ ಊರಿನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ವಿನ್ಯಾಸ ಮಾಡಿದ, ತಗಡು ಸುರುಳಿಗಳ ಹೋಟೆಲ್ಲನ್ನು ರಸ್ತೆಯಿಂದ ನೋಡಿದರೆ ಸಾಕು.

ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಬೊಡೇಗಗಳನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಊರಿಗೆ ತರುವುದಾದರೆ ತಲೆಗೆ ಎರಡು ಲೀಟರಿಗಷ್ಟೇ ಸುಂಕವಿಲ್ಲ, ಅಂದರೆ ಮಾಮೂಲಿ ಅಳತೆಯ ಎರಡು ಬಾಟಲಿ. ಕ್ಯಾಬಿನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಚೆಕ್ ಇನ್ ಮಾಡುವ ಸೂಟ್‌ಕೇಸಿನಲ್ಲಿ ಜೀನ್ಸ್ ಕಾಲಿನೊಳಗೆ ಸುತ್ತಿಡಿ. ಕ್ರಿಯಾನ್ಸಾ ಅಲ್ಲೇ ಕುಡಿದು ಮುಗಿಸಿ, ಹೊತ್ತು ತರುವುದಾದರೆ ನೀಲಿ ಚೀಟಿಯದ್ದನ್ನೇ ತನ್ನಿ.