ತೊಡೆ ಎಲುಬಿಗೆ ರಾಡ್ ಹಾಕಿದ ಮೇಲೆ

ಕಲಬುರಗಿ ಕಡೆ ಬಚ್ಚಲಿನ ಶಹಾಬಾದ್ ಕಲ್ಲು ಒದ್ದೆಯಾದರೆ ಸಾಕು, ವಯಸ್ಸಾದವರು ಜಾರುತ್ತಾರೆ. ಬಿದ್ದವರ ಕಾಲು ಗಿಡ್ಡಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಹತ್ತಿರ ತೊಡೆ ಎಲುಬು ಮುರಿದಿರುವ ಸಂಭವ ಹೆಚ್ಚು. ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಆದಷ್ಟೂ 48 ಗಂಟೆಯೊಳಗೆ ಆಪರೇಷನ್ ಆಗಲಿ.

ಎಲುಬಿನ ಟೊಳ್ಳಿನೊಳಗೆ ರಾಡ್ ಇಳಿಸಿ, ಅದರ ಮೂಲಕ ದಪ್ಪ ಸ್ಕ್ರೂ ಒಂದನ್ನು ಎಲುಬಿನ ತಲೆಗೆ, ಅಂದರೆ ಸೊಂಟದ ಕೀಲಿನೊಳಗೆ ಕೂರುವ ಗುಂಡು ತುದಿಗೆ, ಕೂರಿಸುತ್ತಾರೆ. ಕೆಳಗೆ ರಾಡ್ ತಿರುಗದಂತೆ ಹಿಡಿಯುವ ಲಾಕಿಂಗ್ ಬೋಲ್ಟ್. ಮರ್ಮವೆಲ್ಲ ಆ ಸ್ಕ್ರೂವಿನ ತುದಿಯಲ್ಲಿದೆ. ತುದಿಯಿಂದ ತಲೆಯ ನೆತ್ತಿಗಿರುವ ದೂರವನ್ನು ಮುಂದಿನ, ಪಕ್ಕದ ಎರಡೂ ಎಕ್ಸ್‌ರೇಗಳಲ್ಲಿ ಅಳೆದು ಕೂಡಿಸಿದರೆ 25 ಮಿ.ಮೀ. ಒಳಗಿರಬೇಕು. ಹೆಚ್ಚಾದರೆ, ವಯಸ್ಸಿನಿಂದ ಬಲಗುಂದಿದ ಎಲುಬನ್ನು ಸೀಳಿಕೊಂಡು ಸ್ಕ್ರೂ ಹೊರಬರುವ ಅಪಾಯ. ಮುರಿತವನ್ನು ಮೊದಲು ನೆಟ್ಟಗೆ ಕೂಡಿಸದಿದ್ದರೂ ಅದೇ ಗತಿ. ರಾಡ್ ತಾನಾಗಿ ಸರಿಮಾಡುವುದಿಲ್ಲ.

ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ‘ಮೂರು ತಿಂಗಳು ಮಲಗಲಿ ಬಿಡ್ರಿ’ ಎನ್ನುವ ಬೀಗರ ಮಾತು ಕೇಳಿದರೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ. ಹೊಲಿಗೆ ಬಿಚ್ಚುವುದು ಸುಮಾರು 14ನೇ ದಿನ. ಎಕ್ಸ್‌ರೇ 6 ಮತ್ತು 12ನೇ ವಾರ. ಕುಕ್ಕರಗಾಲು ಸದ್ಯ ಬೇಡ, ಕಮೋಡ್ ಕುರ್ಚಿ ತನ್ನಿ. ರೊಟ್ಟಿ ಜತೆ ಬೇಳೆ, ಮೊಟ್ಟೆ ಹೆಚ್ಚಲಿ. ಎಲುಬು ಬಲಗುಂದುವುದಕ್ಕೆ (ಆಸ್ಟಿಯೊಪೊರೋಸಿಸ್) ಔಷಧಿಯನ್ನೂ ಕೇಳಿ ಬರೆಸಿಕೊಳ್ಳಿ, ಬಹಳ ಮಂದಿ ಅದನ್ನೇ ಮರೆಯುತ್ತಾರೆ. ಮೀನಖಂಡ ಬಾತರೆ, ಗಾಯ ಸೋರಿದರೆ, ನಡೆಯುತ್ತಿದ್ದವರಿಗೆ ತೊಡೆಸಂದಿನಲ್ಲಿ ದಿಢೀರ್ ನೋವು ಬಂದರೆ ಅಂದೇ ತೋರಿಸಿ.